ನಿಮಗಿದು ಗೊತ್ತೆ? ಮುದಿ ನಾಯಿಯ ಊಟ ಮೂಗಿನ ಮರ್ಜಿ
ನಾಯಿಯ ನಾಲಿಗೆಯಲ್ಲಿರುವ ರುಚಿಮೊಗ್ಗುಗಳು ಸುಮಾರು 1,700, ಮನುಷ್ಯರಿಗೆ 9,000ದಷ್ಟಿವೆ. ಹಾಗಾಗಿ ಊಟ ಬೇಕೋ ಬೇಡವೋ ಎಂಬುದನ್ನು ಹೆಚ್ಚಾಗಿ ಅದರ ಮೂಗೇ ನಿರ್ಧರಿಸುತ್ತದೆ. ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳಲ್ಲಿ 10 ವರ್ಷದ ಸುಮಾರಿಗೆ ಮುಪ್ಪು ಕಾಣಿಸುತ್ತದೆ. ವಾಸನೆ ಹಿಡಿಯುವ ಶಕ್ತಿ ಕುಗ್ಗಿದಂತೆ ತಿನ್ನುವ ಆಸಕ್ತಿಯೂ ಇಳಿಯಬಹುದು.

ಪುಟ್ಟ ದವಡೆಯಲ್ಲಿ 42 ಹಲ್ಲುಗಳು ಒತ್ತೊತ್ತಾಗಿ ಕೂರುವುದರಿಂದ ಈ ತಳಿಗಳಿಗೆ ಒಸಡಿನ ಕಾಯಿಲೆ ಹೆಚ್ಚು. ಆದ್ದರಿಂದ ಒಣ ಆಹಾರದ ಕಾಳು ಚಿಕ್ಕದಾಗಿದ್ದು, ಸುಲಭವಾಗಿ ಒಡೆಯುವಂತಿರಬೇಕು. ಮುಪ್ಪಿನಲ್ಲಿ ಪ್ರೋಟೀನ್ ತಗ್ಗಿಸಬೇಕೆಂಬ ನಂಬಿಕೆ ತಪ್ಪು. ಮೂತ್ರಪಿಂಡ ಸರಿಯಿರುವ ನಾಯಿಗೆ ಸ್ನಾಯು ಸವೆಯದಿರಲು ಅದು ಬೇಕೇ ಬೇಕು. ಆಹಾರದ ಚೀಲದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸುವುದು ರೂಢಿ; ಕೋಳಿ ಅಥವಾ ಮೀನು ಮೊದಲ ಸಾಲಿನಲ್ಲಿದ್ದರೆ ಒಳ್ಳೆಯದು.

ಉಗುರುಬೆಚ್ಚಗಿನ ನೀರು ಚಿಮುಕಿಸಿದರೆ ಕಾಳು ಮೆತ್ತಗಾಗಿ ಘಮ ಏಳುತ್ತದೆ. ರುಚಿಗೆಂದು ಮನೆಯ ಸಾರು ಬೆರೆಸುವುದು ಮಾತ್ರ ಅಪಾಯ: ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸುತ್ತಾ 7ರಿಂದ 10 ದಿನಗಳಲ್ಲಿ ಬದಲಾಯಿಸಬೇಕು. ಚೆನ್ನಾಗಿ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಊಟ ಬಿಟ್ಟರೆ ಅದು ಹಟವಲ್ಲ, ನೋವಿರಬಹುದು. ಚೀಲ ಬದಲಿಸುವ ಮುನ್ನ ಪಶುವೈದ್ಯರಿಗೆ ತೋರಿಸಿ.