ನಾಲ್ಕು ಚಕ್ರಗಳ ಚಾಲನೆ: ದೂರದ ಕೆಲಸಕ್ಕೆ ಹೋಗುವವರ ಕಾರಿನ ಬಾಳಿಕೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಅಮೆರಿಕದ ಹಿಮಪ್ರದೇಶಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಶರತ್ಕಾಲ ಬಂದೊಡನೆ ಒಂದು ಚರ್ಚೆ ಏಳುವುದು ವಾಡಿಕೆ. ಮುಂದಿನ ಕಾರು ಆಲ್-ವೀಲ್-ಡ್ರೈವ್ ಆಗಿರಲಿ, ಹಿಮದಲ್ಲಿ ಅದೇ ಕ್ಷೇಮ ಎಂಬುದು ಒಬ್ಬರ ಮತ. ಅದರ ರಿಪೇರಿಗೆ ಹಣ ಸುರಿಯುವವರು ಯಾರು ಎಂಬುದು ಇನ್ನೊಬ್ಬರ ಆಕ್ಷೇಪ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಇಂಥ ಕಾರು ಎರಡು ಲಕ್ಷ ಮೈಲಿಗಳಿಗೂ ಮೀರಿ ಬಾಳಬಲ್ಲದು. ಆದರೆ ಆ ಬಾಳಿಕೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರ ಟೈರುಗಳು ಮತ್ತು ಅದರೊಳಗಿನ ಎಣ್ಣೆಗಳು. ಈ ಮಾತನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ದೂರದ ಲೆಕ್ಕವನ್ನು ನೋಡೋಣ. ಈ ದೇಶದ ಚಾಲಕನೊಬ್ಬನು ವರ್ಷಕ್ಕೆ ಸರಾಸರಿ ಸುಮಾರು 13,500 ಮೈಲಿ ಕಾರು ಓಡಿಸುತ್ತಾನೆಂದು ಕೇಂದ್ರ ಹೆದ್ದಾರಿ ಇಲಾಖೆಯ ಅಂಕಿಅಂಶಗಳು ಹೇಳುತ್ತವೆ. ಮನೆಯಿಂದ ಕಚೇರಿಗೆ 50 ಮೈಲಿ ದೂರವಿರುವವರು ವರ್ಷದಲ್ಲಿ 240 ದಿನ ಹೋಗಿಬಂದರೆ ಆ ಪ್ರಯಾಣವೊಂದಕ್ಕೇ 24,000 ಮೈಲಿಗಳಾಗುತ್ತವೆ. ಹತ್ತು ವರ್ಷಗಳಲ್ಲಿ ಇದು 2,40,000 ಮೈಲಿ; ಭೂಮಿಯಿಂದ ಚಂದ್ರನಿಗಿರುವ ದೂರವೂ ಹೆಚ್ಚು ಕಡಿಮೆ ಅಷ್ಟೇ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಮೈಲಿಗಳು ಇಂಜಿನ್ನಿಗೆ ಹಿತಕರವೆಂಬುದು ನಿಜ. ಪದೇಪದೇ ನಿಂತು ಹೊರಡುವ ಊರೊಳಗಿನ ಓಡಾಟ ಅದಕ್ಕಿಂತ ಹೆಚ್ಚು ಸವೆಸುತ್ತದೆ. ಆದರೆ ನಿರಂತರವಾಗಿ ತಿರುಗುವ ಬೇರಿಂಗು, ಶಾಫ್ಟು, ಗಿಯರುಗಳಿಗೆ ಹೆದ್ದಾರಿಯಲ್ಲಿಯೂ ವಿಶ್ರಾಂತಿ ಇಲ್ಲ.

ಈ ವ್ಯವಸ್ಥೆಯ ಇತಿಹಾಸ ದೀರ್ಘವಾದುದಾದರೂ, ಸಾಧಾರಣ ಕುಟುಂಬಗಳ ಕಾರುಗಳಿಗೆ ಅದು ಬಂದದ್ದು ಈಚೆಗೆ. ಜಪಾನಿನ ಸುಬಾರು ಕಂಪನಿಯು 1972ರಲ್ಲಿ ತನ್ನ ಲಿಯೋನ್ ವ್ಯಾಗನ್ನಿಗೆ, ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಗಳನ್ನು ನಡೆಸುವ ಸೌಲಭ್ಯವನ್ನು ಒದಗಿಸಿತು. 1980ರಲ್ಲಿ ಜರ್ಮನಿಯ ಆಡಿ ಕಂಪನಿಯು ಜಿನೀವಾ ಪ್ರದರ್ಶನದಲ್ಲಿ ತನ್ನ ಕ್ವಾಟ್ರೋ ಕಾರನ್ನು ಮುಂದಿಟ್ಟಿತು. ಅಮೆರಿಕದ ಎ.ಎಂ.ಸಿ. ಕಂಪನಿಯ ಈಗಲ್ ಕಾರು ಬಂದದ್ದೂ ಅದೇ ಕಾಲದಲ್ಲಿ.

ಇಂದು ನಮ್ಮ ಮುಂದಿರುವ ಕಾರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದರಲ್ಲಿ ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಸದಾ ಹರಿಯುತ್ತದೆ. ಬಹುತೇಕ ಸುಬಾರು ಕಾರುಗಳು ಈ ಬಗೆಯವು. ಎರಡನೆಯದರಲ್ಲಿ ಮುಂದಿನ ಚಕ್ರಗಳೇ ಮುಖ್ಯವಾಗಿ ದುಡಿಯುತ್ತವೆ. ಅವು ಜಾರಿದಾಗ, ಅಥವಾ ಜಾರಬಹುದೆಂದು ಕಂಪ್ಯೂಟರಿಗೆ ತೋರಿದಾಗ, ಒಂದು ಕ್ಲಚ್ಚು ಹಿಂದಿನ ಚಕ್ರಗಳನ್ನು ಜೊತೆಗೂಡಿಸುತ್ತದೆ. ಹೋಂಡಾ ಸಿ.ಆರ್.ವಿ. ಇದಕ್ಕೆ ನಿದರ್ಶನ. ಮೂರನೆಯದು ಟೊಯೋಟಾ ರಾವ್-4 ಹೈಬ್ರಿಡ್ಡಿನಂಥದು. ಇದರಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟೇ ಇಲ್ಲ. ಹಿಂದಿನ ಚಕ್ರಗಳನ್ನು ಪ್ರತ್ಯೇಕವಾದ ವಿದ್ಯುತ್ ಮೋಟಾರು ತಿರುಗಿಸುತ್ತದೆ.

ಕಾರು ತಿರುವಿನಲ್ಲಿ ಸಾಗುವಾಗ ಅದರ ನಾಲ್ಕು ಚಕ್ರಗಳೂ ನಾಲ್ಕು ಬೇರೆ ಬೇರೆ ದೂರಗಳನ್ನು ಕ್ರಮಿಸುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸುವುದೇ ಡಿಫರೆನ್ಷಿಯಲ್ ಎಂಬ ಗಿಯರುಗಳ ಜೋಡಣೆ. ಎರಡೇ ಚಕ್ರಗಳಿಗೆ ಚಾಲನೆಯಿರುವ ಕಾರಿಗೆ ಇಂಥದೊಂದು ಸಾಕು. ಮೇಲೆ ಹೇಳಿದ ಮೊದಲ ಎರಡು ಬಗೆಗಳಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು, ಇವೆರಡರ ನಡುವೆ ಮತ್ತೊಂದು ಡಿಫರೆನ್ಷಿಯಲ್ ಅಥವಾ ಕ್ಲಚ್ಚು ಬೇಕಾಗುತ್ತದೆ. ನೇರವಾದ ರಸ್ತೆಯಲ್ಲಿ ಈ ನಡುವಿನ ಭಾಗಕ್ಕೆ ಹೆಚ್ಚು ಕೆಲಸವಿರಬಾರದು. ಅದಕ್ಕೆ ಬೇಡದ ಕೆಲಸ ತಂದೊಡ್ಡುವವು ಟೈರುಗಳು.

ಒಂದು ಉದಾಹರಣೆ ನೋಡೋಣ. ಟೈರಿನ ವ್ಯಾಸ 27 ಅಂಗುಲವೆಂದುಕೊಂಡರೆ ಅದರ ಸುತ್ತಳತೆ ಸುಮಾರು 85 ಅಂಗುಲ. ಒಂದು ಮೈಲಿಗೆ ಅದು ಸುಮಾರು 745 ಸುತ್ತು ತಿರುಗಬೇಕು. ಮೂರು ಟೈರುಗಳ ಟ್ರೆಡ್ ಅಂಗುಲದ ಎಂಟನೆಯ ಒಂದು ಭಾಗದಷ್ಟು ಸವೆದಿರುವಾಗ ನಾಲ್ಕನೆಯದು ಮೊಳೆ ಚುಚ್ಚಿ ಹಾಳಾಯಿತು, ಅದೊಂದನ್ನೇ ಹೊಸದಾಗಿ ಹಾಕಿಸಿದೆವು ಎನ್ನಿ. ಸವೆದ ಟೈರು ಹೊಸದಕ್ಕಿಂತ ಮೈಲಿಗೆ ಸುಮಾರು 7 ಸುತ್ತು ಹೆಚ್ಚು ತಿರುಗುತ್ತದೆ. ದಿನಕ್ಕೆ 100 ಮೈಲಿ ಹೋಗುವವರಿಗೆ ಇದು 700 ಸುತ್ತಿನ ವ್ಯತ್ಯಾಸ. ಅದರ ಅರ್ಧದಷ್ಟು ನಡುವಿನ ಕ್ಲಚ್ಚಿನ ಪಾಲಿಗೆ ಬರುತ್ತದೆ. ಎರಡು ಹೊಸ ಟೈರುಗಳನ್ನು ಒಂದೇ ಬದಿಯ ಆಕ್ಸಲ್ಲಿಗೆ ಹಾಕಿಸಿದರೆ ಪೂರ್ತಿ ವ್ಯತ್ಯಾಸವೂ ಅದರ ಮೇಲೆಯೇ ಬೀಳುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಪರಿಣಾಮವಾಗಿ ಶಾಖ ಹುಟ್ಟುತ್ತದೆ, ಎಣ್ಣೆ ಕೆಡುತ್ತದೆ, ಕ್ಲಚ್ಚಿನ ಫಲಕಗಳು ಸವೆಯುತ್ತವೆ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದೆಂದು ಸುಬಾರು ಕಂಪನಿಯು ಸೂಚಿಸುವುದು ಈ ಕಾರಣದಿಂದಲೇ.

ಆದುದರಿಂದ ನಾಲ್ಕೂ ಟೈರುಗಳು ಒಂದೇ ಕಂಪನಿಯ, ಒಂದೇ ಮಾದರಿಯವಾಗಿರಲಿ. ಐದಾರು ಸಾವಿರ ಮೈಲಿಗಳಿಗೊಮ್ಮೆ ಅವುಗಳ ಸ್ಥಾನವನ್ನು ಅದಲುಬದಲು ಮಾಡಿಸಿ. ಒಂದು ಟೈರು ಅಕಾಲದಲ್ಲಿ ಕೆಟ್ಟರೆ, ಹೊಸ ಟೈರಿನ ಟ್ರೆಡ್ಡನ್ನು ಉಳಿದವುಗಳ ಮಟ್ಟಕ್ಕೆ ಹೆರೆದು ಕೊಡುವ ಅಂಗಡಿಗಳುಂಟು, ಅಂಥವರನ್ನು ವಿಚಾರಿಸಿ. ಕಾರು ದಾರಿಯಲ್ಲಿ ನಿಂತಾಗ ಎರಡು ಚಕ್ರಗಳನ್ನು ಎತ್ತಿ ಎಳೆದೊಯ್ಯಲು ಬಿಡದೆ, ಇಡೀ ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ.

ಎರಡನೆಯ ವಿಷಯ ಎಣ್ಣೆಗಳದು. ಇಂಜಿನ್ ಆಯಿಲ್ ಬದಲಿಸುವುದನ್ನು ನಾವು ಮರೆಯುವುದಿಲ್ಲ. ಆದರೆ ಹಿಂದಿನ ಡಿಫರೆನ್ಷಿಯಲ್ಲಿನಲ್ಲಿಯೂ ನಡುವಿನ ಕ್ಲಚ್ಚಿನಲ್ಲಿಯೂ ಎಣ್ಣೆ ಇದೆಯೆಂಬುದು ಅನೇಕರಿಗೆ ನೆನಪಾಗುವುದು ಅಲ್ಲಿಂದ ಶಬ್ದ ಬರತೊಡಗಿದ ಮೇಲೆ. ಸಿ.ಆರ್.ವಿ. ಕಾರಿನ ಹಿಂದಿನ ಡಿಫರೆನ್ಷಿಯಲ್ಲಿಗೆ ಹೋಂಡಾ ಕಂಪನಿಯದೇ ವಿಶಿಷ್ಟ ದ್ರವ ಬೇಕು. ಅದು ಹಳತಾದರೆ ತಿರುವಿನಲ್ಲಿ ನರಳಿದಂಥ ಸದ್ದು ಕೇಳಿಸುತ್ತದೆ. ಸಕಾಲದಲ್ಲಿ ದ್ರವ ಬದಲಿಸಿದರೆ ಸಾಮಾನ್ಯವಾಗಿ ಸದ್ದು ಅಡಗುತ್ತದೆ. ವೋಲ್ವೋ ಮತ್ತು ಫೋಕ್ಸ್‌ವ್ಯಾಗನ್ನಿನ ಅನೇಕ ಕಾರುಗಳಲ್ಲಿರುವ ಹಾಲ್ಡೆಕ್ಸ್ ಕ್ಲಚ್ಚಿನ ಎಣ್ಣೆಯನ್ನು ಅಲಕ್ಷಿಸಿದರೆ ಅದರ ಪಂಪು ಕಸ ಕಟ್ಟಿ ನಿಂತುಹೋಗುತ್ತದೆ. ಕೆಲವು ಕಂಪನಿಗಳು ಗಿಯರ್ ಬಾಕ್ಸಿನ ಎಣ್ಣೆ ಜೀವಮಾನಪರ್ಯಂತ ಸಾಕೆಂದು ಹೇಳುವುದುಂಟು. ಯಾರ ಜೀವಮಾನ ಎಂಬುದನ್ನು ಕೊಳ್ಳುವವರು ಯೋಚಿಸಬೇಕು! ಎರಡು ಲಕ್ಷ ಮೈಲಿಗಳ ಗುರಿಯುಳ್ಳವರು ಈ ಎಲ್ಲ ಎಣ್ಣೆಗಳನ್ನೂ 30ರಿಂದ 60 ಸಾವಿರ ಮೈಲಿಗಳೊಳಗೆ ಬದಲಿಸುವುದು ಲೇಸು.

ಇನ್ನು ಕಂಪನಿಗಳ ಹೆಸರಿನ ಮಾತು. ಸುಬಾರು ಕಾರುಗಳ ಬಗ್ಗೆ ಕೇಳಿಬಂದ ದೊಡ್ಡ ದೂರುಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಬಹುಪಾಲು ನಾಲ್ಕು ಚಕ್ರಗಳ ಚಾಲನೆಗೆ ಸಂಬಂಧಿಸಿದವೇ ಅಲ್ಲ. 1990ರ ದಶಕದ ಕೊನೆಯಿಂದ ಹಲವು ವರ್ಷ ಬಂದ 2.5 ಲೀಟರ್ ಇಂಜಿನ್ನುಗಳಲ್ಲಿ ಹೆಡ್ ಗ್ಯಾಸ್ಕೆಟ್ ಸೋರುವುದು ಕುಖ್ಯಾತವಾಯಿತು. ಅದೇ ಇಂಜಿನ್ನಿನ ಟೈಮಿಂಗ್ ಬೆಲ್ಟನ್ನು 1,05,000 ಮೈಲಿಗಳಿಗೆ ಬದಲಿಸಬೇಕಿತ್ತು. ಅದು ತುಂಡಾದರೆ ಕವಾಟಗಳೇ ಬಾಗಿಹೋಗುತ್ತಿದ್ದವು. 2011ರ ಮಾದರಿಯಿಂದ ಕ್ರಮೇಣ ಬಂದ ಹೊಸ ಇಂಜಿನ್ನುಗಳಲ್ಲಿ ಬೆಲ್ಟಿನ ಬದಲು ಸರಪಳಿ ಇದೆ. 2010ರಿಂದೀಚಿನ ಕೆಲವು ಮಾದರಿಗಳ ಸಿ.ವಿ.ಟಿ. ಗಿಯರ್ ಬಾಕ್ಸಿಗೆ ಕಂಪನಿಯು ವಾರಂಟಿಯನ್ನು 10 ವರ್ಷ ಅಥವಾ 1,00,000 ಮೈಲಿಗಳಿಗೆ ವಿಸ್ತರಿಸಬೇಕಾಯಿತು. ಹಳೆಯ ಕಾರು ಕೊಳ್ಳುವವರು ಹೆಸರಿಗೆ ಮರುಳಾಗದೆ, ಯಾವ ವರ್ಷದ ಯಾವ ಇಂಜಿನ್ನೆಂದು ವಿಚಾರಿಸಬೇಕೆಂಬುದೇ ಇದರ ಪಾಠ.

ಹಿಮದ ನಾಡಿನಲ್ಲಿ ಮತ್ತೊಬ್ಬ ಶತ್ರು ರಸ್ತೆಗೆ ಎರಚುವ ಉಪ್ಪು. ಕಾರಿನ ತಳದಲ್ಲಿರುವ ಶಾಫ್ಟು, ರಬ್ಬರ್ ಬೂಟು, ತಂತಿಗಳೆಲ್ಲವೂ ಅದಕ್ಕೆ ಈಡಾಗುತ್ತವೆ. ಶಾಫ್ಟಿಲ್ಲದ ಹೈಬ್ರಿಡ್ ಕಾರೂ ಇದಕ್ಕೆ ಹೊರತಲ್ಲ: 2019ರಿಂದೀಚಿನ ಕೆಲವು ರಾವ್-4 ಹೈಬ್ರಿಡ್‌ಗಳಲ್ಲಿ ಹಿಂದಿನ ಮೋಟಾರಿಗೆ ಹೋಗುವ ವಿದ್ಯುತ್ ಕೇಬಲ್ಲಿನ ಕೊಂಡಿಗೆ ತುಕ್ಕು ಹಿಡಿದುದು ವರದಿಯಾಯಿತು. ಚಳಿಗಾಲದುದ್ದಕ್ಕೂ ಆಗಾಗ್ಗೆ ಕಾರಿನ ಅಡಿಭಾಗವನ್ನು ತೊಳೆಸುವುದು ಸುಲಭವೂ ಅಗ್ಗವೂ ಆದ ರಕ್ಷಣೆ.

ಕಡೆಯದಾಗಿ, ಇದು ಎಲ್ಲರಿಗೂ ಅಗತ್ಯವೇ? ನಾಲ್ಕು ಚಕ್ರಗಳ ಚಾಲನೆ ಕಾರು ಹೊರಡುವುದಕ್ಕೆ, ದಿಬ್ಬ ಏರುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕೆ ನೆರವಾಗುವುದಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇದೆ. ಹಿಮದ ಮೇಲೆ ಹಿಡಿತ ಕೊಡುವುದು ಟೈರಿನ ರಬ್ಬರು. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಬೇಸಿಗೆಯ ಟೈರು ಗಡುಸಾಗುತ್ತದೆ, ಚಳಿಗಾಲದ ಟೈರು ಮೆದುವಾಗಿಯೇ ಉಳಿಯುತ್ತದೆ. ರಸ್ತೆಯ ಹಿಮವನ್ನು ಮುಂಜಾನೆಯೇ ತೆಗೆಯುವ ಊರಿನಲ್ಲಿ, ಸಮತಟ್ಟಾದ ಹೆದ್ದಾರಿಯಲ್ಲಿ ಹೋಗುವವರಿಗೆ ಮುಂದಿನ ಚಕ್ರಗಳ ಚಾಲನೆ ಮತ್ತು ನಾಲ್ಕು ಉತ್ತಮ ಚಳಿಗಾಲದ ಟೈರುಗಳು ಸಾಕಾಗಬಹುದು. ಗ್ಯಾಲನ್ನಿಗೆ 30 ಮೈಲಿಯ ಬದಲು 28 ಮೈಲಿ ದೊರೆತರೂ, ವರ್ಷಕ್ಕೆ 24,000 ಮೈಲಿ ಓಡುವವರಿಗೆ ಸುಮಾರು 57 ಗ್ಯಾಲನ್ ಪೆಟ್ರೋಲು ಹೆಚ್ಚು ಬೇಕಾಗುತ್ತದೆ. ದಿಬ್ಬದ ಮನೆ, ಹಳ್ಳಿಗಾಡಿನ ದಾರಿ, ನಸುಕಿನ ಪಾಳಿಯ ಆಸ್ಪತ್ರೆ ಕೆಲಸ ಇರುವವರಿಗೆ ಈ ವೆಚ್ಚ ಖಂಡಿತ ಸಾರ್ಥಕ.

ಹಳೆಯ ಕಾರನ್ನು ನೋಡಲು ಹೋದಾಗ ಮೊದಲು ನಾಲ್ಕೂ ಟೈರುಗಳನ್ನು ನೋಡಿ. ಅವು ನಾಲ್ಕು ಬಗೆಯವಾಗಿದ್ದರೆ ಹಿಂದಿನ ಒಡೆಯರ ಶ್ರದ್ಧೆ ಎಷ್ಟೆಂಬುದು ತಿಳಿಯುತ್ತದೆ. ಒಣಗಿದ ಅಂಗಳದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಕಾರು ಅದುರಿದರೆ, ಜಗ್ಗಿದಂತಾದರೆ, ಮೆಕ್ಯಾನಿಕ್ಕಿಗೆ ತೋರಿಸದೆ ಕೊಳ್ಳಬೇಡಿ. ಎಣ್ಣೆ ಬದಲಿಸಿದ ರಸೀತಿಗಳನ್ನು ಕೇಳಿ ಪಡೆಯಿರಿ, ನಿಮ್ಮವನ್ನೂ ಜೋಪಾನವಾಗಿಡಿ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ತಂದೆ ಅಥವಾ ತಾಯಿ ಹತ್ತು ವರ್ಷ ಕೆಲಸಕ್ಕೆ ಓಡಿಸಿದ ಕಾರೇ, ಲೈಸೆನ್ಸ್ ಪಡೆದ ಮಗನದೋ ಮಗಳದೋ ಮೊದಲ ಕಾರಾಗುತ್ತದೆ. ಡಿಸೆಂಬರ್ ರಾತ್ರಿಯಲ್ಲಿ ಕಾಲೇಜಿನಿಂದ ಮನೆಗೆ ಮರಳುವ ಆ ಮಕ್ಕಳ ಕೈಗೆ ನಾವು ಕೊಡುವ ಕಾರು ಎಂಥದೆಂಬುದನ್ನು, ಇಂದು ನಾವು ಕೊಳ್ಳುವ ಟೈರುಗಳೂ ಮಾಡಿಸುವ ಎಣ್ಣೆ ಬದಲಾವಣೆಗಳೂ ನಿರ್ಧರಿಸುತ್ತವೆ. ಈ ಒಂದು ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.