ಈಜಿಪ್ಟಿನಲ್ಲಿ ಸಿಕ್ಕಿದ ಮಂಗಳೂರಿನ ಬೊಮ್ಮ

ಮಂಗಳೂರಿನ ಬಂದರಿನಲ್ಲಿ ಬೊಮ್ಮನ ಹೆಸರಿನ ಬೀದಿಯಿಲ್ಲ. ಅವನನ್ನು ಹೊಗಳುವ ಶಾಸನವೂ ಇಲ್ಲ. ಆಳುಪ ಅರಸರ ಕಾಲದಲ್ಲಿ ಇಲ್ಲಿಯ ಒಬ್ಬ ವರ್ತಕನ ಬಳಿ ದುಡಿಯುತ್ತಿದ್ದ ಗುಲಾಮನಿಗೆ ಶಾಸನವನ್ನು ಯಾರು ಬರೆಸಿಯಾರು? ಆದರೂ ಅವನ ಹೆಸರು ಉಳಿದುಬಂದಿದೆ, ಸಾವಿರಾರು ಮೈಲಿ ದೂರದ ಈಜಿಪ್ಟಿನಲ್ಲಿ!

ಕೈರೋ ನಗರದ ಹಳೆಯ ಭಾಗವಾದ ಫುಸ್ಟಾಟಿನಲ್ಲಿ ಯೆಹೂದ್ಯರ ಬೆನ್ ಎಜ್ರಾ ಪ್ರಾರ್ಥನಾಮಂದಿರವಿದೆ. ದೇವರ ಹೆಸರಿರಬಹುದಾದ ಬರಹವನ್ನು ಹರಿಯಬಾರದು, ಸುಡಬಾರದು ಎಂಬುದು ಅವರ ನಿಯಮ. ಆದುದರಿಂದ ಬೇಡವಾದ ಕಾಗದಗಳನ್ನೆಲ್ಲ ಮಂದಿರದ ಒಂದು ಕೋಣೆಯೊಳಗೆ ಹಾಕುತ್ತಿದ್ದರು. ಧರ್ಮಗ್ರಂಥದ ಹಾಳೆಗಳ ಜೊತೆಗೆ ಮದುವೆಯ ಕರಾರು, ಸಾಲದ ಚೀಟಿ, ಅಂಗಡಿಯ ಲೆಕ್ಕ ಎಲ್ಲವೂ ಅಲ್ಲಿ ಶತಮಾನಗಳ ಕಾಲ ಒಟ್ಟುಗೂಡಿದುವು. 1896ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಗೆ ಹೋಗಿ, ಎರಡು ಲಕ್ಷಕ್ಕೆ ಸಮೀಪವಾದಷ್ಟು ತುಣುಕುಗಳನ್ನು ಕೇಂಬ್ರಿಜ್ಜಿಗೆ ಸಾಗಿಸುವಂತೆ ಮಾಡಿದರು. ಅರಬ್ಬೀ ಮಾತನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಕಾಗದಗಳನ್ನು ಎಸ್. ಡಿ. ಗೊಯ್ಟೀನರು ದಶಕಗಳ ಕಾಲ ಓದಿದರು. ಅವುಗಳ ನಡುವೆ ಮತ್ತೆ ಮತ್ತೆ ಒಂದು ಊರಿನ ಹೆಸರು ಬಂದಿತು: ಮಂಜರೂರ್. ಅದೇ ನಮ್ಮ ಮಂಗಳೂರು.

ಆ ಊರಿನಲ್ಲಿದ್ದ ವರ್ತಕ ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯದ ಮಹ್ದಿಯಾ ಪಟ್ಟಣದಲ್ಲಿ ಹುಟ್ಟಿ, ಏಡನ್ನಿನ ಮೂಲಕ ಮಂಗಳೂರಿಗೆ ಬಂದು, ಸುಮಾರು 1132ರಿಂದ 1149ರವರೆಗೆ ಹದಿನೇಳು ವರ್ಷ ಇಲ್ಲಿ ನೆಲೆಸಿದನು. ಅವನಿಗೊಂದು ಕಂಚಿನ ಕಾರ್ಖಾನೆಯಿತ್ತು. ಏಡನ್ನಿನ ಮಿತ್ರರು ಒಡಕು ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳುಹಿಸಿ, ಇಂಥ ಅಳತೆಯ ತಟ್ಟೆ, ಇಂಥ ಆಕಾರದ ದೀಪ ಬೇಕೆಂದು ಬರೆಯುತ್ತಿದ್ದರು. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಹೋಗುತ್ತಿದ್ದುವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿದ್ದುವು. ಎಲ್ಲಕ್ಕಿಂತ ಮುಖ್ಯವಾಗಿ ಬರೆಯಲು ಒಳ್ಳೆಯ ಕಾಗದ ಬರುತ್ತಿತ್ತು. ತಾಳೆಗರಿಯ ನಾಡಿನಲ್ಲಿ ಕಾಗದಕ್ಕೆ ಎಷ್ಟು ಬರವಿತ್ತೆಂದರೆ ಬಂದ ಪತ್ರದ ಬೆನ್ನಿನಲ್ಲೇ ಅವನು ತನ್ನ ಲೆಕ್ಕವನ್ನು ಬರೆದಿಡುತ್ತಿದ್ದನು. ಮುಂಗಡ ಹಣ ಪಡೆದು ಏಲಕ್ಕಿ ಕೊಡದೆ ಸತಾಯಿಸಿದ ಸ್ಥಳೀಯ ದಲ್ಲಾಳಿಯೊಬ್ಬನ ಗೋಳಂತೂ ಹಲವು ಪತ್ರಗಳಲ್ಲಿದೆ!

1132ನೆಯ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಒಂದು ಪತ್ರ ಮಾಡಿಸಿದನು. ಆಶು ಎಂಬ ದಾಸಿಗೆ ಬಿಡುಗಡೆ ನೀಡಿದ ಪತ್ರವದು. ಅನಂತರ ಅವನು ಆಕೆಯನ್ನೇ ಮದುವೆಯಾದನೆಂದೂ ಅವನ ಮಕ್ಕಳ ತಾಯಿ ಆಕೆಯೇ ಎಂದೂ ವಿದ್ವಾಂಸರ ಊಹೆ. ಗೆಳೆಯರು ಬರೆದ ಓಲೆಗಳಲ್ಲಿ ಮಕ್ಕಳ ಕುಶಲ ವಿಚಾರಿಸಲಾಗಿದೆ, ಆಶುವಿನ ಹೆಸರಿಲ್ಲ.

ಬೊಮ್ಮನ ಭಾಗ್ಯ ಬೇರೆ. ಗುಲಾಮನೆಂದೊಡನೆ ಸಂಕೋಲೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅವನು ಒಡೆಯನ ಪರವಾಗಿ ಕಡಲು ದಾಟಿ ವ್ಯಾಪಾರ ನಡೆಸುವ ನಂಬಿಕೆಯ ಆಳು. 1135ರಲ್ಲಿ ಏಡನ್ನಿಗೆ ಹೋದಾಗ ಅಲ್ಲಿ ಕುಡಿದು, ದೊಡ್ಡ ವರ್ತಕ ಮದ್‌ಮೂನನ ಬಳಿಗೆ ಬಂದು ಇನ್ನಷ್ಟು ಹಣಕ್ಕಾಗಿ ಪೀಡಿಸಿದನಂತೆ. ಅದೇ ವರ್ಷ ಪರ್ಷಿಯ ಕೊಲ್ಲಿಯ ಕೀಶ್ ದ್ವೀಪದ ಅಮೀರನು ಕಳುಹಿಸಿದ ಹದಿನೈದು ಹಡಗುಗಳು ಏಡನ್ನನ್ನು ಮುತ್ತಿದ್ದುವು. ಆದರೂ ಒಡೆಯ ಅವನನ್ನು ಬಿಡಲಿಲ್ಲ. 1148ರಲ್ಲಿ ಏಡನ್ನಿನಿಂದ ಬಂದ ಒಂದು ಪತ್ರದ ಕೊನೆಯಲ್ಲಿ ಬೊಮ್ಮನಿಗೂ ನಮಸ್ಕಾರ ತಿಳಿಸಲಾಗಿದೆ.

ಹೀಬ್ರೂ ಲಿಪಿಯಲ್ಲಿ ಬ, ಮ ಎಂಬ ವ್ಯಂಜನಗಳಷ್ಟೇ ಸ್ಪಷ್ಟ. ಅದನ್ನು ಹೇಗೆ ಉಚ್ಚರಿಸಬೇಕು? ಈ ಗುಲಾಮನ ಜಾಡು ಹಿಡಿದು ಮಂಗಳೂರಿಗೆ ಬಂದ ಲೇಖಕ ಅಮಿತಾವ್ ಘೋಷರಿಗೆ ನೆರವಾದವರು ತುಳು ವಿದ್ವಾಂಸ ಬಿ. ಎ. ವಿವೇಕ ರೈ. ತುಳುವರ ಬೆರ್ಮೆರನ್ನೂ, ಕಲ್ಯಾಣದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನನ್ನೂ ಬಲ್ಲವರಿಗೆ ಬೊಮ್ಮನೆಂಬ ಹೆಸರು ಅಪರಿಚಿತವಾಗಲಾರದು. ಘೋಷರ ಪುಸ್ತಕ 1992ರಲ್ಲಿ ಪ್ರಕಟವಾಯಿತು.

1148ರಲ್ಲಿ ಸಿಸಿಲಿಯ ದೊರೆ ರೋಜರನ ಸೇನೆ ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಬಂಧುಗಳು ದಿಕ್ಕುಪಾಲಾದರು. ಮಾರನೆಯ ವರ್ಷ ಅವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೊರಟನು. ತನ್ನಲ್ಲಿರುವುದು ಎಲ್ಲರಿಗೂ ಸಾಕು, ಬನ್ನಿರೆಂದು ತಮ್ಮಂದಿರಿಗೆ ಬರೆದನು. ಮಗ ತೀರಿಕೊಂಡನು. ಮಗಳು ಸಿತ್ ಅಲ್-ದಾರ್‌ಳನ್ನು ತನ್ನ ಮಗನಿಗೆ ಕೊಡೆಂದು ಏಡನ್ನಿನ ಹಳೆಯ ಗೆಳೆಯ ಖಲಾಫ್ ಕೇಳಿದರೂ, ಅನ್ಯರಿಗಿಂತ ತಮ್ಮನ ಮಗನಿಗೇ ಹಕ್ಕು ಹೆಚ್ಚೆಂದು ಅವನು ಹಟ ಹಿಡಿದನು. 1156ರಲ್ಲಿ ಫುಸ್ಟಾಟಿನಲ್ಲಿ ಆ ಮದುವೆ ನಡೆಯಿತು.

ಬೊಮ್ಮನೂ ಜೊತೆಗೆ ಹೋಗಿದ್ದನು. ಬೆನ್ ಯಿಜು ಈಜಿಪ್ಟಿನಲ್ಲಿ ತನ್ನ ಕೊನೆಗಾಲದಲ್ಲಿ ಬರೆದ ಲೆಕ್ಕದ ತುಣುಕೊಂದು ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಬೊಮ್ಮನ ಹೆಸರೂ, ಅವನಿಗೆ ಸಲ್ಲಬೇಕಾದ ಹಣದ ಮೊತ್ತವೂ ಅದರಲ್ಲಿ ದಾಖಲಾಗಿವೆ.