ಬಡಿಸುವವನಿಗೂ ಒಂದು ಕುರ್ಚಿ

ಡೆಕ್ಕನ್ ಜಿಮಖಾನಾ, ಕ್ಯಾಂಪ್, ಕೋರೆಗಾಂವ್ ಪಾರ್ಕ್ - ಪುಣೆಯಲ್ಲಿ ಉಣ್ಣುವ, ಉಡುವ, ವಿಹರಿಸುವ ಷೋಕಿಗೆ ಹೆಸರಾದ ಬಡಾವಣೆಗಳಿವು. ಅಲ್ಲಿ ದೋಸೆಕಲ್ಲಿನ ಮುಂದೆ ನಿಂತವರು, ಗಲ್ಲೆಯ ಹಿಂದೆ ಕುಳಿತವರು, ಲೆಕ್ಕದ ಪುಸ್ತಕ ಬರೆಯುವವರು ಯಾರೆಂದು ನೋಡಿದರೆ ಅವರಲ್ಲಿ ನಮ್ಮವರು ಹಲವರು. ಊರು ಬಿಟ್ಟು ಬಂದು ಹತ್ತು ಹದಿನೈದು ವರ್ಷ ಒಂದೇ ಬೀದಿಯಲ್ಲಿ ದುಡಿದವರುಂಟು. ಆದರೆ ಆ ಬೀದಿಯನ್ನು ಗಿರಾಕಿಯಾಗಿ ನಡೆದು ನೋಡಿದವರು ಎಷ್ಟು ಮಂದಿ? ಅಡಿಗೆಮನೆಯ ಹಿಂಬಾಗಿಲಿನಿಂದ ಕೋಣೆಗೆ, ಕೋಣೆಯಿಂದ ಮರಳಿ ಹಿಂಬಾಗಿಲಿಗೆ. ಅನೇಕರ ಪುಣೆ ಇಷ್ಟರಲ್ಲೇ ಮುಗಿಯುತ್ತದೆ.

ವಾರದ ರಜೆ ಬಂದಿತೆಂದರೆ ಅರ್ಧ ದಿನ ನಿದ್ದೆ, ಉಳಿದರ್ಧ ಮೊಬೈಲು, ಸಂಜೆ ಪರ್ಮಿಟ್ ರೂಮು. ಮರುದಿನ ಬೆಳಿಗ್ಗೆ ಕಿಸೆ ಹಗುರ, ತಲೆ ಭಾರ. ಇನ್ನು ಕೆಲವರು ಆ ದಿನವೂ ಕೆಲಸಕ್ಕೆ ನಿಂತು ರಜೆಯನ್ನೇ ಮರೆತಿರುತ್ತಾರೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ತನ್ನ ವ್ಯಾಪ್ತಿಗೆ ಸೇರಿದ ಹೋಟೆಲುಗಳಲ್ಲಿ ದುಡಿಯುವವನಿಗೆ ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿಯನ್ನು ವಿಧಿಸಿದೆ. ರಜೆಯೆಂಬುದು ಮಾಲಕನ ಔದಾರ್ಯವಲ್ಲ, ಕಾರ್ಮಿಕನ ಹಕ್ಕು. ಗಲ್ಲೆಯ ಮೇಲೆ ವರ್ಷಗಟ್ಟಲೆ ಕುಳಿತ ಈ ಲೇಖಕನೇ ಹೀಗೆನ್ನುವಾಗ ಮಾಲಕ ಬಂಧುಗಳು ಬೇಸರಿಸಬಾರದು. ದಣಿದ ಮಾಣಿ ಒಡೆಯುವ ಗಾಜಿನ ಲೋಟಗಳ ಲೆಕ್ಕವನ್ನು ಅವರೂ ಬಲ್ಲರು.

ಆ 24 ಗಂಟೆಗಳನ್ನು ಪುಣೆಯಲ್ಲಿ ಹೇಗೆ ಕಳೆಯಬಹುದು? ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಷೋಕಿನ ಬೀದಿಗಳನ್ನೂ ಹೊಕ್ಕು ಬರುವ ಬಗೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಡೆಕ್ಕನ್ನಿನ ಬೆಳಗು

ಮೊದಲು ಫರ್ಗ್ಯುಸನ್ ಕಾಲೇಜು ರಸ್ತೆಗೆ ಹೋಗೋಣ. ಕಾಗದಪತ್ರಗಳಲ್ಲಿ ಇದು ನಾಮದಾರ ಗೋಪಾಲ ಕೃಷ್ಣ ಗೋಖಲೆ ರಸ್ತೆ, ಬಾಯಿಮಾತಿನಲ್ಲಿ ಎಫ್.ಸಿ. ರೋಡು. 1885ರಲ್ಲಿ ಸ್ಥಾಪನೆಯಾದ ಕಾಲೇಜಿನಿಂದ ಬಂದ ಹೆಸರದು. ವಿದ್ಯಾರ್ಥಿಗಳಿದ್ದಲ್ಲಿ ಹಸಿವು, ಹಸಿವಿದ್ದಲ್ಲಿ ಹೋಟೆಲು. ಇಲ್ಲಿನ 'ವೈಶಾಲಿ' ಮತ್ತು 'ರೂಪಾಲಿ'ಗಳ ಹೆಸರನ್ನು ಕೇಳದ ಪುಣೆಯವನಿಲ್ಲ. ಇವುಗಳ ಮೊದಲಿನ ಹೆಸರುಗಳು 'ಮದ್ರಾಸ್ ಹೆಲ್ತ್ ಹೋಮ್' ಮತ್ತು 'ಕೆಫೆ ಮದ್ರಾಸ್'. 1950ರ ಆಸುಪಾಸಿನಿಂದ ಇವುಗಳನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯವರು. ಎಳೆಯ ಹರೆಯದಲ್ಲಿ ಊರು ಬಿಟ್ಟು, ಬಂಧುಗಳ ಹೋಟೆಲಿನಲ್ಲಿ ದುಡಿದು ಮೇಲೆ ಬಂದ ಅವರು 2023ರ ನವೆಂಬರಿನಲ್ಲಿ ತೀರಿಕೊಂಡಾಗ ಪುಣೆಯ ಮರಾಠಿ ಮನೆಗಳವರೂ ತಮ್ಮವನೊಬ್ಬನನ್ನು ಕಳೆದುಕೊಂಡಂತೆ ಮರುಗಿದರು.

ವೈಶಾಲಿಯಲ್ಲಿ ಕುಳಿತವರು ಇಡ್ಲಿ, ದೋಸೆಗಳ ಜೊತೆಗೆ 'ಎಸ್‌ಪಿಡಿಪಿ'ಯನ್ನೂ ತಪ್ಪದೆ ತರಿಸುತ್ತಾರೆ. ಸೇವು, ಬಟಾಟೆ, ಮೊಸರು, ಪೂರಿಗಳ ಆ ತಟ್ಟೆ ನಮ್ಮ ಊರಿನ ತಿಂಡಿಯಲ್ಲ. ಉಡುಪಿಯ ಕೈ ಇಡ್ಲಿಯನ್ನು ಬಿಡದೆಯೇ ಪುಣೆಯ ನಾಲಿಗೆಯನ್ನು ಅರಿತುಕೊಂಡುದರ ಫಲವದು. ಮುಂದೆ ಸ್ವಂತ ಹೋಟೆಲು ತೆರೆಯುವ ಹಂಬಲವುಳ್ಳ ಹುಡುಗರು ಒಮ್ಮೆ ಗಿರಾಕಿಯಾಗಿ ಅಲ್ಲಿ ಕುಳಿತು ನೋಡಬೇಕು: ತಟ್ಟೆ ಎಷ್ಟು ಹೊತ್ತಿಗೆ ಬಂತು, ನೀರು ಯಾರು ಇಟ್ಟರು, ಎದ್ದವನ ಮೇಜನ್ನು ಎಷ್ಟು ಬೇಗ ಒರೆಸಿದರು ಎಂಬುದನ್ನು. ರಜಾದಿನಗಳಲ್ಲಿ ಬಾಗಿಲಲ್ಲಿ ಸರತಿಯ ಸಾಲು ಇರುತ್ತದೆ. ಆದುದರಿಂದ ವಾರದ ನಡುವೆ ರಜೆಯುಳ್ಳವನೇ ಭಾಗ್ಯವಂತ.

ಅದೇ ರಸ್ತೆ ಡೆಕ್ಕನ್ ಕಡೆಗೆ ಬಂದು ಮುಟ್ಟುವಲ್ಲಿ 1935ರಿಂದ ನಡೆಯುತ್ತಿರುವ ಇರಾನಿ ಹೋಟೆಲು 'ಕೆಫೆ ಗುಡ್‌ಲಕ್' ಇದೆ. ಆ ಚೌಕಕ್ಕೇ ಅದರ ಹೆಸರು ನಿಂತಿದೆ. ಬನ್ನು, ಬೆಣ್ಣೆ, ಚಹಾ. ಮಾಂಸಾಹಾರಿಗಳಿಗೆ ಖೀಮಾ ಪಾವು.

ತಿಂಡಿಯಾದ ಮೇಲೆ ಜಂಗಲಿ ಮಹಾರಾಜ ರಸ್ತೆಗೆ ನಡೆದರೆ ಅಂಗಡಿಗಳ ಸಾಲಿನ ನಡುವೆ ಪಾತಾಳೇಶ್ವರ ಗುಹಾಲಯವಿದೆ. ಒಂದೇ ಬಂಡೆಯನ್ನು ಕೊರೆದು ಮಾಡಿದ ಶಿವಾಲಯ, ಎದುರಿಗೆ ದುಂಡನೆಯ ನಂದಿಮಂಟಪ. ವಿದ್ವಾಂಸರು ಇದನ್ನು 8ನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದೆನ್ನುತ್ತಾರೆ. ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಮುಂದೆ ರಾಜ್ಯವಾಳಿದ ಅದೇ ವಂಶ. ಪರಊರಿನಲ್ಲಿ ನಾವು ತೀರ ಪರಕೀಯರೆಂದು ಕೊರಗುವ ಹುಡುಗನು ಆ ತಂಪಿನಲ್ಲಿ ಅರ್ಧ ಗಂಟೆ ಕುಳಿತು ಬರಲಿ.

ಕೊಳ್ಳುವ ಹೊತ್ತು

ಲಕಡೀ ಪೂಲ್ ದಾಟಿದರೆ ಹಳೆಯ ಪೇಟೆಗಳು. ಊರಿಗೆ ಹೋಗುವ ಮುನ್ನ ಅಮ್ಮನಿಗೆ, ಅಕ್ಕನಿಗೆ ಸೀರೆ ಕೊಳ್ಳುವವರಿಗೆ ಲಕ್ಷ್ಮೀ ರಸ್ತೆ. ಪಾತ್ರೆ ಪಡಗ, ಬಳೆ, ಪೂಜಾಸಾಮಗ್ರಿಗಳಿಗೆ ತುಳಸೀಬಾಗ್. ಮಕ್ಕಳ ಪಠ್ಯಪುಸ್ತಕಕ್ಕೂ ಇಲಾಖಾ ಪರೀಕ್ಷೆಗೆ ಓದುವ ಗುಮಾಸ್ತ ಮಿತ್ರರಿಗೂ ಅಪ್ಪಾ ಬಳವಂತ ಚೌಕ. ತರಕಾರಿ, ಹಣ್ಣುಗಳಿಗೆ 1886ರಲ್ಲಿ ತೆರೆದ ಮಂಡಈ. ಆಗ ಗವರ್ನರ್ ರೇ ಅವರ ಹೆಸರಿನಲ್ಲಿದ್ದ ಆ ಮಾರುಕಟ್ಟೆಗೆ ಈಗ ಮಹಾತ್ಮಾ ಫುಲೆಯವರ ಹೆಸರು. 2024ರ ಸೆಪ್ಟೆಂಬರಿನಿಂದ ಸ್ವಾರಗೇಟಿನವರೆಗೆ ನೆಲದಡಿಯ ಮೆಟ್ರೋ ಓಡುತ್ತಿರುವುದರಿಂದ ಮಂಡಈಯ ಬಾಗಿಲಿಗೇ ಇಳಿಯಬಹುದು.

ಒಂದು ಎಚ್ಚರಿಕೆ. ಮಧ್ಯಾಹ್ನದ ಊಟದ ಗಿರಾಕಿ ಕರಗಿದ ಮೇಲೆ ಹೋಟೆಲಿನವನಿಗೆ ಸಿಕ್ಕುವ ಎರಡು ಗಂಟೆಗಳ ಬಿಡುವೂ, ಹಳೆಯ ಪುಣೆ ಅಂಗಡಿ ಮುಚ್ಚಿ ನಿದ್ದೆ ಹೋಗುವ ಹೊತ್ತೂ ಬಹುಮಟ್ಟಿಗೆ ಒಂದೇ. 1950ರಲ್ಲಿ ಆರಂಭವಾದ ಚಿತಳೆ ಬಂಧುಗಳ ಮಿಠಾಯಿ ಅಂಗಡಿ ಮಧ್ಯಾಹ್ನ 1ರಿಂದ 4ರ ವರೆಗೆ ಬಾಗಿಲು ಹಾಕುತ್ತಿದ್ದುದು ಪುಣೆಯ ನಗೆಹನಿಗಳಿಗೆಲ್ಲ ವಸ್ತುವಾಗಿತ್ತು. 2017ರಲ್ಲಿ ಅವರು ಆ ಪದ್ಧತಿಯನ್ನು ಬಿಟ್ಟಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಎಲ್ಲರೂ ಬಿಟ್ಟಿಲ್ಲ. ಆದ್ದರಿಂದ ಖರೀದಿಗೆ ಬೆಳಿಗ್ಗೆಯೋ ಸಂಜೆಯೋ ಹೊರಡುವುದು ಲೇಸು. ಅವರ ಬಾಕರವಡಿಯ ಪೊಟ್ಟಣವೊಂದನ್ನು ಊರಿಗೆ ಒಯ್ದರೆ ಪುಣೆಯನ್ನೇ ಒಯ್ದಂತೆ.

ಈ ಪೇಟೆಗಳಲ್ಲಿ ಹೊಟ್ಟೆಗೂ ಕೊರತೆಯಿಲ್ಲ. ನಾರಾಯಣ ಪೇಟೆಯ ಬೇಡೇಕರರ ಮಿಸಳ್, ಲಕ್ಷ್ಮೀ ರಸ್ತೆಯಲ್ಲಿ 1935ರಿಂದ ಇರುವ 'ಪೂನಾ ಗೆಸ್ಟ್ ಹೌಸ್'ನ ಮರಾಠಿ ಊಟ, ಏಲಕ್ಕಿ ಶುಂಠಿ ಜಜ್ಜಿ ಹಿತ್ತಾಳೆಯ ಪಾತ್ರೆಯಲ್ಲಿ ಕುದಿಸುವ ಅಮೃತತುಲ್ಯ ಚಹಾ, ಹಾಲು ಐಸ್‌ಕ್ರೀಮುಗಳ ದಪ್ಪ ಮಸ್ತಾನಿ. ಬೇರೆಯವರ ಕೈರುಚಿಯನ್ನು ತಿಳಿಯದವನು ಒಳ್ಳೆಯ ಅಡಿಗೆಯವನಾಗಲಾರ.

ಕ್ಯಾಂಪಿನ ಸಂಜೆ

ಆಂಗ್ಲರ ದಂಡು ಇದ್ದ ಕ್ಯಾಂಪಿನ ರೀತಿಯೇ ಬೇರೆ. ಮಹಾತ್ಮಾ ಗಾಂಧಿ ರಸ್ತೆಯನ್ನು ಹಳಬರು ಈಗಲೂ ಮೇನ್ ಸ್ಟ್ರೀಟ್ ಎನ್ನುತ್ತಾರೆ. ಗಾಜಿನ ಕಿಟಕಿಗಳ ಹಿಂದಿನ ಬಟ್ಟೆಬರೆಗಳನ್ನು ನೋಡುವುದಕ್ಕೆ ಕಾಸು ಕೊಡಬೇಕಾಗಿಲ್ಲ. ಕೊಳ್ಳಬೇಕಾದರೆ ಹತ್ತಿರದಲ್ಲೇ ಫ್ಯಾಷನ್ ಸ್ಟ್ರೀಟಿನ ಸಣ್ಣ ಅಂಗಡಿಗಳಿವೆ. 2021ರ ಮಾರ್ಚಿನಲ್ಲಿ ಬೆಂಕಿ ಬಿದ್ದು ನೂರಾರು ಅಂಗಡಿಗಳು ಸುಟ್ಟರೂ ವ್ಯಾಪಾರಿಗಳು ಮತ್ತೆ ನೆಲೆ ನಿಂತರು. ಅಲ್ಲಿ ಮೊದಲು ಹೇಳಿದ ಬೆಲೆ ಮಾತಿನ ಆರಂಭ ಮಾತ್ರ, ಚೌಕಾಸಿಗೆ ನಾಚಬೇಕಾಗಿಲ್ಲ.

ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ 1955ರಿಂದ ಶ್ರೂಸ್‌ಬರಿ ಬಿಸ್ಕತ್ತುಗಳಿಗೆ ಪ್ರಸಿದ್ಧ. ಅದೂ ಮಧ್ಯಾಹ್ನ ವಿಶ್ರಮಿಸುತ್ತದೆ; ವೇಳೆ ವಿಚಾರಿಸಿಯೇ ಹೋಗಬೇಕು. ಪಾರ್ಸಿಗಳ ಊಟ ಬೇಕೆನ್ನುವ ಮಾಂಸಾಹಾರಿಗಳಿಗೆ 1878ರಷ್ಟು ಹಿಂದಿನ 'ದೊರಾಬ್ಜಿ ಅಂಡ್ ಸನ್ಸ್' ಇದೆ. ಇವುಗಳಲ್ಲಿ ಯಾವುದಕ್ಕೂ ಕೋಟು ಟೈ ಬೇಕಿಲ್ಲ. ಶುಭ್ರವಾದ ಅಂಗಿ, ಬಾಚಿದ ತಲೆ ಸಾಕು.

ಕೋರೆಗಾಂವ್ ಪಾರ್ಕು ಮತ್ತು ಕುರ್ಚಿಯ ಬಾಡಿಗೆ

ಇನ್ನು ನಮ್ಮ ಹುಡುಗರು ಹೊರಗೆ ನಿಂತೇ ಇಣಿಕಿ ನೋಡಿ ಹಿಂತಿರುಗುವ ಬಡಾವಣೆ. ಆಲದ ಮರಗಳ ನೆರಳಿನ ಓಣಿಗಳು, ಹಳೆಯ ಬಂಗಲೆಗಳು, 1974ರಲ್ಲಿ ನೆಲೆಯಾದ ರಜನೀಶರ ಆಶ್ರಮ, ಅದರಿಂದ ಬಂದ ಪರದೇಶದ ಜನ. ಇವೆಲ್ಲ ಸೇರಿ ಕೋರೆಗಾಂವ್ ಪಾರ್ಕಿಗೆ ಅದರ ಬಣ್ಣ ಕೊಟ್ಟವು. 2010ರ ಫೆಬ್ರವರಿ 13ರಂದು ಇಲ್ಲಿನ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿದು 17 ಮಂದಿ ಜೀವ ತೆತ್ತರು. ಹೋಟೆಲೆಂಬುದು ಎಲ್ಲರಿಗೂ ತೆರೆದ ಬಾಗಿಲು. ಆ ತೆರೆದ ಬಾಗಿಲಿನ ಮೇಲೆ ಬಿದ್ದ ಪೆಟ್ಟು ನಮ್ಮ ವೃತ್ತಿಯವರಿಗೆಲ್ಲ ತಟ್ಟಿತು. ಮೂರು ವರ್ಷಗಳ ಬಳಿಕ ಆ ಬಾಗಿಲು ಮತ್ತೆ ತೆರೆಯಿತು.

ಇಲ್ಲಿ ಒಂದು ಬಟ್ಟಲು ಕಾಫಿಗೆ ನಮ್ಮ ದರ್ಶಿನಿಯ ಹತ್ತು ಕಾಫಿಗಳ ಬೆಲೆ ಕೇಳಿದರೆ ಬೆಚ್ಚಬಾರದು. ಕಾಫಿಪುಡಿ, ಹಾಲುಗಳಿಗೆ ಅಷ್ಟಾಗದೆಂಬುದು ನಮಗೆಲ್ಲ ಗೊತ್ತು. ಗಿರಾಕಿ ಅಲ್ಲಿ ಕೊಡುವುದು ಕುರ್ಚಿಯ ಬಾಡಿಗೆ. ಜಾಗದ ಬಾಡಿಗೆ, ಹವಾನಿಯಂತ್ರಣ, ಒಂದು ಬಟ್ಟಲಿಗೆ ಎರಡು ಗಂಟೆ ಕುಳಿತರೂ ಯಾರೂ ಎಬ್ಬಿಸದ ಸೌಕರ್ಯ, ಇವೆಲ್ಲ ಆ ಬೆಲೆಯೊಳಗಿವೆ. ನಮ್ಮ ಹೋಟೆಲಿನ ಮೇಜು ದಿನಕ್ಕೆ ಎಷ್ಟು ಬಾರಿ ತಿರುಗಿತೆಂಬುದರ ಮೇಲೆ ಬದುಕಿದರೆ, ಅಲ್ಲಿನ ಮೇಜು ತಿರುಗದೆಯೇ ಬದುಕಬೇಕು. ತಿಂಗಳಿಗೊಮ್ಮೆ, ಇಬ್ಬರು ಮಿತ್ರರು ಕೂಡಿ, ಬೆಲೆಪಟ್ಟಿಯನ್ನು ಮೊದಲೇ ಓದಿ, ಎರಡು ಕಾಫಿ ತರಿಸಿ ಒಂದು ಗಂಟೆ ಕುಳಿತರೆ ಅದು ದುಂದುಗಾರಿಕೆಯಲ್ಲ.

ಬಿಲ್ಲು ಬಂದಾಗ ಓದಿ ನೋಡಿರಿ. ಸಾಮಾನ್ಯ ಹೋಟೆಲಿನ ಊಟ ತಿಂಡಿಗೆ ಸರಕಾರದ ಜಿ.ಎಸ್.ಟಿ. ನೂರಕ್ಕೆ 5; ಅದು ಕೊಡಲೇಬೇಕಾದದ್ದು. 'ಸರ್ವಿಸ್ ಚಾರ್ಜ್' ಎಂಬ ಸಾಲು ಬೇರೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ನಿಯಮ ಮಾಡಿತು. ದಿಲ್ಲಿಯ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬೇಡವೆಂದರೆ ತೆಗೆಯಬೇಕು. ಹಾಗೆ ತೆಗೆಸಿದವರು ಬಡಿಸಿದ ಹುಡುಗನನ್ನು ಮರೆಯದಿರಲಿ. ಮೇಜಿನ ಮೇಲೆ ಇಟ್ಟ ಹತ್ತು ರೂಪಾಯಿ ಅವನ ಕೈ ಸೇರುವುದು ಕಣ್ಣಿಗೆ ಕಾಣುತ್ತದೆ. ಬಿಲ್ಲಿನೊಳಗೆ ಸೇರಿದ ಹಣ ಎಲ್ಲಿಗೆ ಹೋಯಿತೆಂಬುದನ್ನು ಬಡಿಸುವವರೇ ಬಲ್ಲರು.

ಲೋಟದ ವಿಚಾರ

ಕೋರೆಗಾಂವ್ ಪಾರ್ಕು, ಕಲ್ಯಾಣಿ ನಗರಗಳ ರಾತ್ರಿಯೆಂದರೆ ಮದ್ಯಗೃಹಗಳ ರಾತ್ರಿ. ಕುಡಿಯುವವರಿಗೆ ನಮ್ಮ ಉಪದೇಶ ಬೇಕಿಲ್ಲ, ಕಾನೂನು ತಿಳಿದಿರಲಿ. ಈ ರಾಜ್ಯದಲ್ಲಿ ಬಿಯರಿಗೆ 21, ಉಳಿದ ಕಟು ಮದ್ಯಗಳಿಗೆ 25 ವರ್ಷ ತುಂಬಿರಬೇಕು, ಪರವಾನಿಗೆಯೂ ಬೇಕು. ಇದು ಕುಡಿಯುವವನಿಗಿಂತ ಬಡಿಸುವವನಿಗೆ ಮುಖ್ಯ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗನೊಬ್ಬನ ಕಾರು ಬಡಿದು ಇಬ್ಬರು ತರುಣ ಇಂಜಿನಿಯರುಗಳು ಸತ್ತರು. ಆ ರಾತ್ರಿ ಅಪ್ರಾಪ್ತನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಮದ್ಯಗೃಹಗಳ ಮಾಲಕನೂ ಮ್ಯಾನೇಜರರೂ ಬಂಧಿತರಾದರು. ಬಾರುಗಳಲ್ಲಿ ದುಡಿಯುವ ತಮ್ಮಂದಿರು ಇದನ್ನು ಮನಸ್ಸಿನಲ್ಲಿಡಬೇಕು. ಶ್ರೀಮಂತನ ಮಗನೆಂದು ಅಂಜಿ ವಯಸ್ಸು ಕೇಳದೆ ಬಡಿಸಿದರೆ ನಾಳೆ ಠಾಣೆಯ ಮೆಟ್ಟಿಲು ಹತ್ತುವವನಿಗೆ ಶ್ರೀಮಂತ ತಂದೆ ಇರುವುದಿಲ್ಲ.

ದಣಿವಾರಿಸುವ ಬಗೆ

ಮನಸ್ಸು ಹಗುರಾಗಲು ಹಣ ಬೇಕೆಂಬುದು ಷೋಕಿನ ಬೀದಿಗಳು ಕಲಿಸುವ ಪಾಠ. ಪುಣೆಯ ಗುಡ್ಡಗಳು ಬೇರೆಯೇ ಪಾಠ ಹೇಳುತ್ತವೆ. ಪರ್ವತಿಯ ನೂರಕ್ಕೆ ಮಿಕ್ಕಿದ ಮೆಟ್ಟಿಲುಗಳನ್ನು ಹತ್ತಿದರೆ ಇಡೀ ಊರು ಕಾಲಡಿ. ಕೆಳಗೆ ಸಾರಸಬಾಗಿನ ಗಣಪತಿ ಮತ್ತು ಹುಲ್ಲುಹಾಸು. ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ ಟೇಕಡಿಗೆ ಬೆಳಗಿನ ಹೊತ್ತು ಪುಣೆಯ ಗಣ್ಯರೂ ಬರುತ್ತಾರೆ. ಅಲ್ಲಿ ಯಾರೂ ಯಾರ ಸಂಬಳವನ್ನು ಕೇಳುವುದಿಲ್ಲ.

ಸಂಗೀತದ ಕಿವಿಯುಳ್ಳವರಿಗೆ ಡಿಸೆಂಬರಿನ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವಿದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯರಾದ ಗದಗ ಸೀಮೆಯ ಭೀಮಸೇನ ಜೋಶಿಯವರು 1953ರಲ್ಲಿ ಗುರುವಿನ ನೆನಪಿಗೆ ಕಟ್ಟಿದ ಉತ್ಸವವದು. ಪುಣೆಯ ಹೆಮ್ಮೆಯೆನಿಸಿದ ಆ ಚಪ್ಪರದ ಕಂಬಗಳು ಧಾರವಾಡದ ನೆಲದಿಂದ ಬಂದವು. ಇನ್ನು ಏರಂಡವಣೆಯ ಕನ್ನಡ ಸಂಘದ ಸಭಾಗೃಹದಲ್ಲಿಯೋ ಬಾಣೇರಿನ ಬಂಟರ ಸಂಘದ ಓಣಿಮಜಲು ಜಗನ್ನಾಥ ಶೆಟ್ಟಿ ಸಾಂಸ್ಕೃತಿಕ ಕೇಂದ್ರದಲ್ಲಿಯೋ ಯಕ್ಷಗಾನ, ನಾಟಕವಿದ್ದರೆ ಬಿಡಬಾರದು. ವಾರವಿಡೀ ಮರಾಠಿ ಹಿಂದಿಗಳಲ್ಲಿ ಆರ್ಡರು ಕೂಗಿದ ನಾಲಿಗೆಗೆ ಸ್ವಂತ ಮಾತೇ ದೊಡ್ಡ ವಿಶ್ರಾಂತಿ.

ಕಾರ್ಮಿಕ ಬಂಧುಗಳೇ, ಗುಮಾಸ್ತ ಮಿತ್ರರೇ, ಈ ಊರಿನ ಸುಖದಲ್ಲಿ ನಿಮ್ಮ ಬೆವರಿದೆ. ಊರಿಗೆ ಕಳುಹಿಸುವ ಹಣವನ್ನು ಮೊದಲು ಬದಿಗಿಡಿರಿ, ಮನೆಯ ಖರ್ಚನ್ನು ಆಮೇಲೆ. ಉಳಿದುದರಲ್ಲಿ ತಿಂಗಳಿಗೊಂದು ದಿನದ ಪುಣೆಯನ್ನು ಕೊಂಡುಕೊಳ್ಳಿರಿ. ಬಡಿಸುವುದನ್ನು ಮಾತ್ರ ಬಲ್ಲವನು ಕೆಲಸಗಾರನಾಗಿ ಉಳಿಯುತ್ತಾನೆ. ಕುಳಿತು ಉಣ್ಣುವವನ ಕಣ್ಣಿನಿಂದಲೂ ನೋಡಬಲ್ಲವನು ಒಂದು ದಿನ ಹೋಟೆಲು ನಡೆಸುತ್ತಾನೆ. ಮುಂದಿನ ರಜೆ ಯಾವ ವಾರವೆಂದು ಇಂದೇ ಮ್ಯಾನೇಜರರನ್ನು ಕೇಳಿರಿ.